ಬಗ್ಗಿ ನೋಡದ ಮಾಸ್ಟರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಹಿರಿಯರು ವಿಧಿಸಿದ್ದಾರೆ. ಆ ವಿಧಿಗೆ ತಲೆಬಾಗಿ, ಹೋದ ತಿಂಗಳು ರಾಯದುರ್ಗದಲ್ಲಿ ನಡೆದ ಸಂತಾಪ ಸಭೆಯಲ್ಲಿ ನಾನು ಎದ್ದು ನಿಂತು, "ಮಾಸ್ಟರು ಎಂದೂ ತಡವಾಗಿ ಬಂದವರಲ್ಲ" ಎಂದೆ. ಇನ್ನೊಂದು ಒಳ್ಳೆಯ ಮಾತು ನೆನಪಾದೀತೇನೋ ಎಂದು ಸ್ವಲ್ಪ ಹೊತ್ತು ಹಾಗೇ ನಿಂತೆ. ನನಗೆ ಗಂಟಲು ಕಟ್ಟಿತೆಂದು ತಿಳಿದು ಪಕ್ಕದವರು ನೀರು ಕೊಟ್ಟರು. ಕುಡಿದು ಕೂತೆ. ಆದರೆ ಹಿರಿಯರ ವಿಧಿ ಆಡುವ ಮಾತಿಗೆ ಸಂಬಂಧಿಸಿದ್ದು; ಬರೆಯುವುದರ ಬಗ್ಗೆ ಅವರು ಏನನ್ನೂ ಅಪ್ಪಣೆ ಕೊಡಿಸಿದಂತಿಲ್ಲ.

ಅವರು ನಮ್ಮೂರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಾನು ಒಂದು ಜೀವಮಾನ ಪಾಠ ಹೇಳಿ ಸಂಪಾದಿಸಲಾರದ ಭಯಭಕ್ತಿಯನ್ನು ಅವರು ಒಂದು ಕತ್ತರಿ ಹಿಡಿದು ಸಂಪಾದಿಸಿದ್ದರು. ಮಳೆಯನ್ನು ನೆಚ್ಚಿದವರೆಲ್ಲ ಮಷೀನನ್ನು ನೆಚ್ಚತೊಡಗಿದ ಕಾಲ ಅದು. ಬೆಳಿಗ್ಗೆ ಗುಮ್ಮಘಟ್ಟದ ಕಡೆಯ ಆಟೋಗಳು ಜನರನ್ನು ತಂದು ಯೂನಿಟ್ಟುಗಳ ಮುಂದೆ ಸುರಿಯುತ್ತಿದ್ದವು. ಕೈ ಕುದುರಿದವರನ್ನು ಬಳ್ಳಾರಿ ಬಸ್ಸು, ಬೆಂಗಳೂರು ಬಸ್ಸುಗಳು ಹೊತ್ತುಕೊಂಡು ಹೋಗುತ್ತಿದ್ದವು. ಬರುವವರಿಗೂ ಹೋಗುವವರಿಗೂ ನಡುವೆ ಮಾಸ್ಟರು ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಗರುಡಗಂಬದ ಹಾಗೆ ನಿಂತಿರುತ್ತಿದ್ದರು. ಮದುವೆಗೂ ಆ ಟೇಪು ಹಾಕಿಕೊಂಡೇ ಹೋಗುತ್ತಿದ್ದರು. ಒಂದು ಮದುವೆಯಲ್ಲಿ ಮದುಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದಲನೇ ಒಗತಕ್ಕ ಕುಗ್ಗೋ ಮಾಲ್ ಇದು" ಎಂದು ಹೆಣ್ಣಿನ ತಂದೆಯ ಕಿವಿಯಲ್ಲೇ ಹೇಳಿದವರು ಅವರು. ನನ್ನ ಬಗ್ಗೆ ಅವರ ತೀರ್ಪು ಊರಿಗೆಲ್ಲ ಗೊತ್ತಿತ್ತು: "ಸಾರ್ ಬಟ್ಟಿ ಚಲೋದ್ರಿ. ಹೊಲದೋನು ಕೆಡಿಸ್ಯಾನ."

ಹತ್ತಾರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರದ ಮೇಲೆ ಮಾತ್ರ ಸೀಮೆಸುಣ್ಣದ ಗೆರೆ ಎಳೆದು, ಎಲ್ಲವನ್ನೂ ಒಂದೇ ಸಲಕ್ಕೆ ಕೊಯ್ಯುವುದು ಅವರ ಕಸುಬು. ಮೇಲಿನದು ಸರಿಯಿದ್ದರೆ ಕೆಳಗಿನದೂ ಸರಿಯಿರುತ್ತದೆ ಎಂಬುದು ಆ ಕಸುಬಿನ ಧರ್ಮ. ಮನುಷ್ಯರಿಗೂ ಅದೇ ಧರ್ಮ ಸಲ್ಲುತ್ತದೆ ಎಂದು ಅವರು ಕೊನೆಯ ಉಸಿರಿನವರೆಗೆ ನಂಬಿದ್ದರು. ನಂಬಿಕೆಯ ವಿಷಯದಲ್ಲಿ ಅವರನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ.

ಇಂಥವರು ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆದದ್ದು ಹೀಗೆ. ಕಾಲೇಜಿನ ಹಿಂದೆ ಒಂದು ಸಿಮೆಂಟಿನ ಅಂಗಳ, ಎರಡು ಕಂಬ, ಎರಡು ಬಳೆ ಇದ್ದವು. ಯೂನಿಟ್ಟಿನ ಹುಡುಗರು ಸಂಜೆ ಅಲ್ಲಿ ಆಡುತ್ತಿದ್ದರು, ಚೆನ್ನಾಗಿಯೇ ಆಡುತ್ತಿದ್ದರು. ಸುತ್ತಲಿನ ಊರುಗಳವರು ಸೇರಿ ಭಾನುವಾರಗಳಂದು ಒಂದು ಪಂದ್ಯಾವಳಿ ಹೂಡಿದರು. ಯೂನಿಟ್ಟಿನ ಮಾಲೀಕರಿಗೆ ಅಂಗಿಯ ಮೇಲೆ ತಮ್ಮ ಹೆಸರು ಹತ್ತೂರಿನಲ್ಲಿ ಓಡಾಡಲಿ ಎಂಬ ಆಸೆ ಹುಟ್ಟಿತು. ತಂಡಕ್ಕೆ ಯಜಮಾನ ಯಾರು ಎಂದಾಗ, ಎಲ್ಲರಿಗಿಂತ ಗಟ್ಟಿಯಾಗಿ ಒದರಬಲ್ಲವರೆಂಬ ಅರ್ಹತೆಯ ಮೇಲೆ ಮಾಸ್ಟರು ನೇಮಕಗೊಂಡರು. ಅವರು ಚೆಂಡನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಚೆಂಡೇ ಬಂದು ಅವರ ಮೂಗನ್ನು ಮುಟ್ಟಿತು. ಎಸೆದ ಹುಡುಗ ಮುಂದಿನ ಭಾನುವಾರದಿಂದ ತಂಡದಲ್ಲಿರಲಿಲ್ಲ. ನನ್ನ ಬಳಿ ಶಾಲೆಯ ಸ್ಟಾಪ್‌ವಾಚ್ ಇದ್ದುದರಿಂದ ನಾನು ಟೈಮ್ ಕೀಪರ್ ಆದೆ.

ಅಧಿಕಾರ ವಹಿಸಿಕೊಂಡ ದಿನವೇ ಮಾಸ್ಟರು ಯೂನಿಟ್ಟಿನ ಪದ್ಧತಿಯನ್ನು ಅಂಗಳಕ್ಕೆ ತಂದರು. ಯೂನಿಟ್ಟಿನಲ್ಲಿ ಒಂದು ಪ್ಯಾಂಟನ್ನು ಒಬ್ಬನೇ ಹೊಲಿಯುವುದಿಲ್ಲ. ಜೇಬಿನವನಿಗೆ ಜೇಬು, ಜಿಪ್ಪಿನವನಿಗೆ ಜಿಪ್ಪು, ಪಟ್ಟಿಯವನಿಗೆ ಪಟ್ಟಿ. ಬಂಡಲ್ಲು ಕೈಯಿಂದ ಕೈಗೆ ಸಾಗುತ್ತ ಕೊನೆಯಲ್ಲಿ ಪ್ಯಾಂಟಾಗುತ್ತದೆ. ಇದಕ್ಕೆ ಲೈನ್ ಎನ್ನುತ್ತಾರೆ. ತಂಡಕ್ಕೂ ಲೈನ್ ಆಯಿತು. ಒಬ್ಬ ಚೆಂಡು ಹಿಡಿಯತಕ್ಕದ್ದು, ಇನ್ನೊಬ್ಬ ಪುಟಿಸತಕ್ಕದ್ದು, ಮತ್ತೊಬ್ಬ ಎದುರಾಳಿಗೆ ಅಡ್ಡ ನಿಲ್ಲತಕ್ಕದ್ದು. "ಜಿಪ್ ಹಾಕೋನು ಜೇಬು ಮುಟ್ಟಬಾರದು!" ಎಂದು ಗೆರೆಯಾಚೆಯಿಂದ ಕೂಗುತ್ತಿದ್ದರು. ಹಿಡಿಯುವವನ ಮುಂದೆ ಬಳೆ ಬಾಯಿ ತೆರೆದು ನಿಂತಿದ್ದರೂ ಅವನು ಚೆಂಡೆಸೆಯದೆ ಪುಟಿಸುವವನನ್ನು ಹುಡುಕಿಕೊಂಡು ಓಡಬೇಕಿತ್ತು. ಉಳಿದ ಜೀನ್ಸ್ ಬಟ್ಟೆಯಲ್ಲೇ ಹೊಲಿದ ಚಡ್ಡಿಗಳು ಬೇರೆ. ಬೆವರು ಹೀರಿ ಹೀರಿ ಅವು ಎರಡನೇ ಅರ್ಧದ ಹೊತ್ತಿಗೆ ತೂಕದಲ್ಲಿ ಆಟಗಾರನಿಗೆ ಸಮನಾಗುತ್ತಿದ್ದವು.

ಇಷ್ಟಾದರೂ ತಂಡ ಗೆಲ್ಲುತ್ತಿತ್ತು. ಅದಕ್ಕೆ ಕಾರಣ ತಿಪ್ಪೇಸ್ವಾಮಿ. ಅವನಿಗೆ ವಹಿಸಿದ್ದ ಕೆಲಸ ಒಂದೇ: ಎಡಮೂಲೆಯಲ್ಲಿ ನಿಲ್ಲುವುದು, ಚೆಂಡು ಬಂದರೆ ಹಾರಿ ಎಸೆಯುವುದು. ಅವನು ಬಲಗಾಲಿನ ಮೇಲೆ ಮೇಲೆದ್ದರೆ, ಇಳಿಯುವುದನ್ನು ಮರೆತನೇನೋ ಎನ್ನಿಸುತ್ತಿತ್ತು. ಆಕಾಶದಲ್ಲಿ ಅವನು ಸಾವಕಾಶವಾಗಿ ಯೋಚಿಸುತ್ತಿದ್ದ; ಕೆಳಗೆ ಎದುರಾಳಿಗಳು ಕುತ್ತಿಗೆ ನೋಯಿಸಿಕೊಂಡು ಕಾಯುತ್ತಿದ್ದರು. ಯೂನಿಟ್ಟಿನಲ್ಲಿ ಅವನು ಪಕ್ಕದ ಹೊಲಿಗೆ ಹಾಕುವ ಟೈಲರ್. ಅವನ ಹೆಂಡತಿ ಲಕ್ಷ್ಮಿ ಅದೇ ಲೈನಿನ ಕೆಳಗೆ ನೆಲದ ಮೇಲೆ ಕೂತು, ಹೊಲಿದ ಪ್ಯಾಂಟುಗಳ ಮಿಕ್ಕ ದಾರ ಕತ್ತರಿಸುವ ಹೆಲ್ಪರ್.

ಪಂದ್ಯಾವಳಿ ಅರ್ಧಕ್ಕೆ ಬಂದಾಗ ತಿಪ್ಪೇಸ್ವಾಮಿ ಹಾರಿ ಇಳಿಯುವಲ್ಲಿ ಎದುರಾಳಿಯ ಪಾದದ ಮೇಲೆ ಇಳಿದ. ಬಲಗಾಲಿನ ಹರಡು ತಿರುಗಿತು. ಮೂಳೆ ಕಟ್ಟುವ ಮುದುಕನೊಬ್ಬ ಸೊಪ್ಪು ಅರೆದು, ಕೋಳಿಮೊಟ್ಟೆ ಕಲಸಿ, ಬಿದಿರ ಸೀಳು ಇಟ್ಟು ಕಟ್ಟಿದ. ಕಟ್ಟಿ ಹೇಳಿದ: "ನಡಿ, ಅಡ್ಡಿಲ್ಲ. ಈ ಕಾಲಿಂದ ಹಾರಿದ್ಯೋ, ಮತ್ತ ನನ್ನ ಹತ್ರ ಬರಬ್ಯಾಡ. ಮರದ ಕಾಲು ಮಾಡೋನ ಹತ್ರ ಹೋಗು."

ಯೂನಿಟ್ಟಿನಲ್ಲಿ ಮಾಸ್ಟರು ಮಾಡಿದ್ದ ಒಂದು ಕಾನೂನು ಇತ್ತು. ಬೆಳಗಿನ ಬೆಲ್ಲಾದಾಗ ಮಷೀನು ಖಾಲಿ ಇರಬಾರದು. ಖಾಲಿ ಕಂಡರೆ ಅದು ಕೆಲಸಕ್ಕಾಗಿ ಗೋಡೆಗೆ ಒರಗಿ ಕಾಯುತ್ತ ನಿಂತವರಲ್ಲಿ ಮೊದಲಿನವರ ಪಾಲು. ಕಾಯಿಲೆ, ಕಸಾಲೆ, ಮನೆಯಲ್ಲಿ ಸಾವು ಯಾವುದೂ ಲೆಕ್ಕಕ್ಕಿಲ್ಲ. ತಿಪ್ಪೇಸ್ವಾಮಿ ಮರುದಿನವೇ ಕಟ್ಟಿನ ಮೇಲೆ ಸಡಿಲ ಪ್ಯಾಂಟು ಇಳಿಬಿಟ್ಟು ಬಂದು ಕೂತ. ಆಟಕ್ಕೆ ಮಾತ್ರ ಕೆಲವು ವಾರ ರಜೆ ಕೇಳಿದ. ಮಾಸ್ಟರು ದೊಡ್ಡ ಮನಸ್ಸು ಮಾಡಿ, "ಕಾಲು ಉಳುಕಿದ್ದಕ್ಕ ಇಷ್ಟ್ಯಾಕ ನಾಟಕ?" ಎಂದು ಒಪ್ಪಿದರು.

ಎಡಮೂಲೆ ಖಾಲಿಯಾಯಿತು. ಅದೇ ಹೊತ್ತಿಗೆ ಚೆಂಡು ಪುಟಿಸುವವನು ಹೇಳದೆ ಕೇಳದೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟುಹೋದ. ಪುಟಿಸುವ ಕೆಲಸಕ್ಕೆ ಜೇಬು ಹೊಲಿಯುವ ಹುಡುಗನೊಬ್ಬ ಸಿಕ್ಕ. ಎಡಮೂಲೆಗೆ ಮಾಸ್ಟರು ಆರಿಸಿದ್ದು ಬಂಡಲ್ ಹೊರುವ ಹನುಮಂತುವನ್ನು. ಗುಮ್ಮಘಟ್ಟದ ಕಡೆಯ ಕುರಿ ಸಾಕುವವರ ಮನೆಯ ಆಳು, ತಾಳೆಮರದ ಎತ್ತರ. ಆಯ್ಕೆ ನಡೆದದ್ದು ಕಟಿಂಗ್ ಮೇಜಿನ ಮುಂದೆ. ತೋಳು ಚಾಚಿಸಿ ಟೇಪು ಹಿಡಿದರು, ತೊಡೆಯ ಒಳಗಿನಿಂದ ಹಿಮ್ಮಡಿಗೆ ಹಿಡಿದರು, ಎದೆ ಸುತ್ತ ಹಿಡಿದರು.

"ಆಟ ಬರತೈತೇನೋ ಅಂತ ಕೇಳೂದಿಲ್ಲೇನ್ರಿ?" ಎಂದೆ.

"ಬಟ್ಟೀನ ಪ್ಯಾಂಟ್ ಆಗಾಕ ಬರತೈತೇನು ಅಂತ ಕೇಳತಾರೇನ್ರಿ ಸಾರ್?" ಎಂದರು ಮಾಸ್ಟರು. ನಾನು ಸ್ಟಾಪ್‌ವಾಚಿಗೆ ಕೀಲಿ ಕೊಟ್ಟೆ.

ಹನುಮಂತುವಿಗೆ ಲೈನಿನ ಶಾಸ್ತ್ರವನ್ನು ವಿವರಿಸುವಷ್ಟು ಸಮಯವಿರಲಿಲ್ಲ. ಅದು ತಂಡದ ಪುಣ್ಯ. ಕುರಿಗಳು ಯಾವ ಸಂದಿಯಲ್ಲಿ ನುಗ್ಗುತ್ತವೆಂದು ನೋಡಿ ಬೆಳೆದ ಮನುಷ್ಯ. ಜನ ಎಲ್ಲಿ ಸಂದಿ ಬಿಟ್ಟರೂ ಅವನಿಗೆ ಕಾಣುತ್ತಿತ್ತು. ತಾನೇ ಹಿಡಿದ, ತಾನೇ ಪುಟಿಸಿದ, ತಾನೇ ಎಸೆದ. ಅವನನ್ನು ನೋಡಿ ಉಳಿದವರೂ ಮೈಚಳಿ ಬಿಟ್ಟರು. ತಿಪ್ಪೇಸ್ವಾಮಿಯಿಲ್ಲದ ತಂಡ ಒಂದಾದ ಮೇಲೊಂದು ಗೆದ್ದು, ಕೊನೆಯ ಪಂದ್ಯಕ್ಕೆ ಮಡಕಶಿರಾಕ್ಕೆ ಹೋಗುವ ಅರ್ಹತೆ ಪಡೆಯಿತು. ಊರಿಗೆಲ್ಲ ಸಂತೋಷ. ಮಾಸ್ಟರು ಮಾತ್ರ ಹಲ್ಲು ನೋವು ಬಂದವರ ಹಾಗೆ ಕೂತಿದ್ದರು.

"ಲೈನ್ ಕೆಡಿಸಿಬಿಟ್ಟಾನ್ರೀ ಅವ," ಎಂದರು ನನಗೆ. "ಎಲ್ಲಾನೂ ಒಬ್ಬನ ಮಾಡಿದ್ರ ನಾನ್ಯಾಕ ಇರಬೇಕು?"

ಅವರ ಬಾಯಿಂದ ಬಂದ ಇಷ್ಟು ಸರಿಯಾದ ಪ್ರಶ್ನೆಯನ್ನು ನಾನು ಮತ್ತೆಂದೂ ಕೇಳಿಲ್ಲ. ಆದರೆ ಅದಕ್ಕೆ ಅವರು ತಾವೇ ಕೊಟ್ಟುಕೊಂಡ ಉತ್ತರ ಬೇರೆಯಾಗಿತ್ತು: ಹನುಮಂತುವನ್ನು ಬಿಡುವುದು, ತಿಪ್ಪೇಸ್ವಾಮಿಯನ್ನು ಮರಳಿ ತರುವುದು.

ಶನಿವಾರ ಟೆಂಪೋ ಹೊರಡುವ ಹೊತ್ತು ತಿಳಿಯಲು ನಾನು ಯೂನಿಟ್ಟಿಗೆ ಹೋದಾಗ ಫಿಟ್ನೆಸ್ ಪರೀಕ್ಷೆ ನಡೆಯುತ್ತಿತ್ತು. ವೈದ್ಯಶಾಸ್ತ್ರ ಇದನ್ನು ಇನ್ನೂ ಅಂಗೀಕರಿಸಿಲ್ಲ. ಮಾಸ್ಟರು ತಿಪ್ಪೇಸ್ವಾಮಿಯ ಬೆನ್ನ ಹಿಂದೆ ಕೈಕಟ್ಟಿ ನಿಂತು, ಮೇಜಿನ ಮೇಲೆ ಬಟ್ಟೆ ಓಡುವುದನ್ನೂ ಪಕ್ಕದಲ್ಲಿ ಮುಗಿದ ಬಂಡಲ್ಲು ಏರುವುದನ್ನೂ ನೋಡಿದರು. ಹೊಲಿಗೆ ನೆಟ್ಟಗಿತ್ತು. ಬಂಡಲ್ಲು ಎಂದಿನಷ್ಟೇ ಎತ್ತರವಿತ್ತು.

"ಮಷೀನ್ ತುಳಿಯೋ ಕಾಲು ಹಾರಂಗಿಲ್ಲ ಅಂದ್ರ ಯಾರು ನಂಬ್ತಾರ?" ಎಂದರು. "ಕಾಲು ಚಲೋ ಐತಿ. ನಾಳೆ ಎಡಮೂಲಿ ನಿಂದು. ಹನುಮಂತು ಇಲ್ಲೇ ಬಂಡಲ್ ಹೊರಲಿ." ಹೀಗೆ ತೀರ್ಪು ಕೊಟ್ಟು ಕಟಿಂಗ್ ಮೇಜಿಗೆ ಹೋದರು.

ನನ್ನ ಕೊಡೆ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಮೇಜಿನ ಕೆಳಗೆ ತಿಪ್ಪೇಸ್ವಾಮಿಯ ಬಲಗಾಲು ಚಿಂದಿ ಬಟ್ಟೆಯ ಗಂಟಿನ ಮೇಲೆ, ಹಸುಗೂಸಿನ ಹಾಗೆ ಮಲಗಿತ್ತು. ಕಟ್ಟಿನಿಂದ ಮೊಟ್ಟೆಯ ವಾಸನೆ ಬರುತ್ತಿತ್ತು. ಮಷೀನಿನ ಪೆಡಲನ್ನು ತುಳಿಯುತ್ತಿದ್ದದ್ದು ಎಡಗಾಲು. ಬಲಗಾಲಿನ ಕೆಲಸವನ್ನು ಎಡಗಾಲಿಗೆ ಕಲಿಸಿ, ಒಂದು ಹೊಲಿಗೆಯೂ ಸೊಟ್ಟಗಾಗದಂತೆ ಅವನು ಇಷ್ಟು ವಾರ ಕೂತಿದ್ದ.

ನಾನು ತಲೆಯೆತ್ತಿದಾಗ, ನೆಲದ ಮೇಲಿದ್ದ ಲಕ್ಷ್ಮಿ ದಾರ ಕತ್ತರಿಸುವುದನ್ನು ನಿಲ್ಲಿಸದೆ, "ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ ಬರಬಾರದ್ರಿ ಸಾರ್," ಎಂದಳು.

"ಅಲ್ಲಮ್ಮಾ, ನಾಳೆ ಹಾರು ಅಂದ್ರ?"

"ಹಾರಿದ್ರ ಕಾಲು ಹೋಗತೈತಿ. ಹಾರಾಕ ಆಗಂಗಿಲ್ಲ ಅಂದ್ರ, ಹಂಗಾದ್ರ ಹೊಲಿಯಾಕೂ ಆಗಂಗಿಲ್ಲ ನಡಿ ಅಂತಾರ. ಮಷೀನ್ ಹೋಗತೈತಿ. ಯಾವ್ದು ಬಿಡೋದು ಅಂತ ಮನ್ಯಾಗ ಅದ ಜಗಳಾರಿ."

ತಿಪ್ಪೇಸ್ವಾಮಿ ನಕ್ಕ. "ಜಗಳ ಯಾಕ? ಕಾಲು ಎರಡು ಅದಾವು. ಮಷೀನ್ ಒಂದ ಐತಿ."

"ಕೇಳಿದ್ರೇನ್ರಿ ಸಾರ್ ಇವ್ನ ಲೆಕ್ಕ? ನಿಮ್ಮ ಸಾಲ್ಯಾಗ ಕಲ್ತದ್ದು," ಎಂದಳು ಲಕ್ಷ್ಮಿ. ಅವನು ನನ್ನ ಶಿಷ್ಯನಾಗಿದ್ದದ್ದು ನಿಜ. ಲೆಕ್ಕ ನನ್ನ ವಿಷಯವಾಗಿರಲಿಲ್ಲ ಎಂದು ಹೇಳುವ ಸಂದರ್ಭ ಅದಲ್ಲ.

ಅವರ ಗುಟ್ಟು ಬಿಡದೆ ಮಾಸ್ಟರ ಮನಸ್ಸು ತಿರುಗಿಸಲು ನೋಡಿದೆ. ಹನುಮಂತುವಿನ ಗುಣಗಾನ ಮಾಡಿದೆ. ಗೆಲ್ಲುತ್ತಿರುವ ತಂಡವನ್ನು ನಡುವೆ ಕಲಕಬಾರದೆಂದು ಹಿರಿಯರ ಹೆಸರಿನಲ್ಲಿ ಒಂದು ಸೂಕ್ತಿಯನ್ನೂ ಸೃಷ್ಟಿಸಿದೆ. ಮಾಸ್ಟರು ಸೀಮೆಸುಣ್ಣವನ್ನು ಕಿವಿಯ ಮೇಲಿಂದ ತೆಗೆದು, ಮತ್ತೆ ಕಿವಿಯ ಮೇಲೇ ಇಟ್ಟರು. "ನೀವು ಟೈಮ್ ನೋಡ್ರಿ ಸಾರ್. ಮನಷ್ಯಾರ್ನ ನಾ ನೋಡತೀನಿ."

ಭಾನುವಾರ ಕತ್ತಲಿರುವಾಗಲೇ ಟೆಂಪೋ ಹೊರಟಿತು. ಲಕ್ಷ್ಮಿ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಹೊತ್ತು ಹತ್ತಿ ಕೂತಳು. "ಹೆಂಗಸ್ರು ಯಾಕ?" ಎಂದರು ಮಾಸ್ಟರು. "ಹಸಿವಿ ಅನ್ನೋದು ಗಂಡಸರಿಗೂ ಆಗತೈತಂತಲ್ರಿ," ಎಂದಳು. ಟೆಂಪೋದಲ್ಲಿ ಐದೇ ಜನ ಆಟಗಾರರು. ಬದಲಿ ಆಟಗಾರ ಬೇಡವೇ ಎಂದು ಡ್ರೈವರೇ ಕೇಳಿದ. ಕಟಿಂಗ್ ಸರಿಯಿದ್ದರೆ ತುಂಡು ಉಳಿಯುವುದಿಲ್ಲ ಎಂಬ ಉತ್ತರ ಬಂತು.

ಮಡಕಶಿರಾದಲ್ಲಿ ಅಂಗಳದ ಸುತ್ತ ಜನ. ಗುಡಿಬಂಡೆಯಿಂದ ಆಟೋ ಮಾಡಿಕೊಂಡು ಬಂದವರೂ ಇದ್ದರು. ನಮ್ಮವರ ಚಡ್ಡಿ ಕಂಡದ್ದೇ ಒಬ್ಬ, "ಏನ್ ಸಾಮಿ, ನಿಮ್ಮೂರಾಗೆ ಚಡ್ಡಿ ಬದ್ಲು ಟಾರ್ಪಾಲ್ ಕಟ್ಕಂಡವ್ರೆ?" ಎಂದ. ಇನ್ನೊಬ್ಬ, "ಮಳೆ ಬರ್ಲಿ ಬುಡು, ಅವ್ರೊಬ್ರೇ ನೆನೀದಂಗೆ ನಿಂತ್ಕತಾರೆ," ಎಂದ. ಮಾಸ್ಟರು ಅದನ್ನು ಬಟ್ಟೆಯ ಹೊಗಳಿಕೆಯೆಂದು ಸ್ವೀಕರಿಸಿದರು.

ಆಟ ಶುರುವಾಯಿತು. ತಿಪ್ಪೇಸ್ವಾಮಿ ಎಡಮೂಲೆಯಲ್ಲಿ ನಿಂತ. ಮೊದಲ ಚೆಂಡು ಬಂತು. ನಿಂತಲ್ಲಿಂದಲೇ ಎಸೆದ, ಎದುರಾಳಿ ಕೈಯೆತ್ತಿ ಹೂ ಕಿತ್ತ ಹಾಗೆ ಕಿತ್ತುಕೊಂಡ. ಎರಡನೆಯದೂ ಹಾಗೇ. ಹಿಡಿಯುವವನು ಹಿಡಿದು, ಪುಟಿಸುವವನು ಪುಟಿಸಿ, ಎಲ್ಲರೂ ಲೈನಿನ ಪ್ರಕಾರ ಚೆಂಡನ್ನು ಅವನಿಗೇ ತಲುಪಿಸುತ್ತಿದ್ದರು. ಅವನಿಂದ ಅದು ನೇರ ಮಡಕಶಿರಾಕ್ಕೆ ಸೇರುತ್ತಿತ್ತು. "ಲೇ, ಮೂಲೇಲಿ ಗೂಟ ನೆಟ್ಟವ್ರೆ ಕಣ್ಲಾ! ಎಮ್ಮೆ ಕಟ್ಟಾಕೆ!" ಎಂದು ಜನ ನಗಾಡಿದರು.

"ಹಾರೋ!" ಎಂದು ಮಾಸ್ಟರು ಗೆರೆಯ ಈಚೆಯಿಂದ ಒದರಿದರು.

"ಹಾರಬ್ಯಾಡ!" ಎಂದು ಆಚೆಯಿಂದ ಲಕ್ಷ್ಮಿ ಒದರಿದಳು.

ಜನ ಒಮ್ಮೆ ಈಚೆ, ಒಮ್ಮೆ ಆಚೆ ಕತ್ತು ತಿರುಗಿಸಿದರು. ಇಷ್ಟು ಒಳ್ಳೆಯ ಮನರಂಜನೆಯನ್ನು ಮಡಕಶಿರಾದವರು ನಿರೀಕ್ಷಿಸಿರಲಿಲ್ಲ.

"ಹಾರ್ತೀಯೋ ಇಲ್ಲೋ? ನಾಳೆ ಮಷೀನ್ ಮ್ಯಾಲೆ ಕುಂದರೋದು ಬ್ಯಾಡೇನು?" ಮಾಸ್ಟರ ಮುಖ ಕೆಂಪೇರಿತ್ತು.

"ಹಾರಿದ್ರ ಮನೀಗೆ ನಿನ್ನ ಹೊತ್ಕೊಂಡು ಹೋಗೋಳು ನಾನು! ನೆಪ್ಪಿರಲಿ!"

ಮತ್ತೆ ಚೆಂಡು ಬಂತು. ತಿಪ್ಪೇಸ್ವಾಮಿ ಹಿಡಿದ. ಮೊಣಕಾಲು ಬಗ್ಗಿಸಿದ. ನನ್ನ ಕೈಯಲ್ಲಿದ್ದ ಗಡಿಯಾರವನ್ನು ನಾನು ನೋಡಲಿಲ್ಲ. ಆ ಕ್ಷಣದ ಲೆಕ್ಕ ಯಾರ ಬಳಿಯೂ ಇಲ್ಲ. ಬಗ್ಗಿದವನು ಮೇಲೇಳಲಿಲ್ಲ. ಹಾಗೇ ಇನ್ನಷ್ಟು ಬಗ್ಗಿ, ನಿಧಾನವಾಗಿ, ಊಟಕ್ಕೆ ಕೂರುವವನ ಹಾಗೆ ಅಂಗಳದಲ್ಲಿ ಕೂತುಬಿಟ್ಟ. ಚೆಂಡನ್ನು ಪಕ್ಕಕ್ಕಿಟ್ಟ. ಬೂಟು ಬಿಚ್ಚಿದ. ಮೊಣಕಾಲುದ್ದದ ಕಾಲುಚೀಲ ಎಳೆದ. ಹಸಿರು ಹಳದಿ ಕಟ್ಟು, ಬಿದಿರ ಸೀಳು, ಮೇಲೆ ನುಗ್ಗೇಕಾಯಿಯ ಬಣ್ಣಕ್ಕೆ ತಿರುಗಿದ ಮೀನಖಂಡ.

"ಆಪಂಡಿ! ಆಟ ಆಪಂಡಿ!" ಎಂದು ರೆಫರಿ ತೆಲುಗಿನಲ್ಲಿ ಕೂಗಿ, ಆಟ ನಿಲ್ಲಿಸುವ ಸೀಟಿ ಊದಿದರು. ಗೂಟ ಎಂದು ಹಂಗಿಸಿದವನೇ ಓಡಿಬಂದು, "ಅಯ್ಯೋ, ಇಂಥ ಕಾಲಿಟ್ಕಂಡು ಯಾಕಣ್ಣ ಬಂದೆ? ಯಾವನು ಕಳಿಸ್ದೋನು?" ಎಂದು ತನ್ನ ಟವೆಲ್ ಮಡಚಿ ಹಿಮ್ಮಡಿಯ ಕೆಳಗಿಟ್ಟ.

ತಿಪ್ಪೇಸ್ವಾಮಿ ಮಾಸ್ಟರನ್ನು ನೋಡಿ ಹೇಳಿದ: "ಮಾಸ್ಟರೇ, ಕಾಲು ಬಿದ್ದ ದಿನದಿಂದ ಎಡಗಾಲಾಗ ತುಳಿದು ಹೊಲದೀನ್ರಿ. ಒಂದು ಬಂಡಲ್ ಕಡಿಮಿ ಮಾಡೀನೇನು? ಒಂದು ಹೊಲಿಗಿ ಬಿಚ್ಚಿ ಹೊಲದೀನೇನು? ಹಾರೋದು ಒಂದ ಬಿಡ್ರಿ. ಮಷೀನ್ ಬಿಡಿಸಬ್ಯಾಡ್ರಿ."

ಇಂಥ ಹೊತ್ತಿನಲ್ಲಿ ಕಲ್ಲಾದರೂ ಸ್ವಲ್ಪ ಬೆವರುತ್ತದೆ. ಮಾಸ್ಟರು ಕಟ್ಟನ್ನು ನೋಡಲಿಲ್ಲ. ಲೆಕ್ಕ ಹಾಕುತ್ತಿದ್ದರು. ಲೆಕ್ಕ ಮುಗಿದಾಗ ಅವರ ಕಣ್ಣು ತೇವವಾಯಿತು; ಮೋಸ ಹೋದ ಮನುಷ್ಯನ ಕಣ್ಣೀರು.

"ಒಂದ ಕಾಲಾಗ ಇಷ್ಟು ಹೊಲೀತಿ ಅಂದ್ರ," ಎಂದರು, "ಎರಡೂ ಕಾಲಿದ್ದಾಗ ಎಷ್ಟು ಹೊಲೀಬಹುದಿತ್ತೋ! ಇಷ್ಟು ವರ್ಷ ನನ್ನ ಕಣ್ಮುಂದ ಕಳ್ಳತನ ಮಾಡೀಯಲ್ಲೋ!"

ಮಡಕಶಿರಾದ ಜನ ನನ್ನನ್ನು ನೋಡಿದರು, ಇದು ನಿಮ್ಮ ಕಡೆಯ ಹಾಸ್ಯವೇ ಎಂಬಂತೆ. ಅಲ್ಲ ಎಂದು ನಾನು ತಲೆಯಾಡಿಸಬೇಕಾಯಿತು.

ನಾಲ್ಕೇ ಜನ ಆಟ ಮುಂದುವರಿಸಿ ಸೋತರು. ಹೇಗೆ ಸೋತರೆಂದು ಬರೆದರೆ ಆ ನಾಲ್ವರಿಗೆ ಅವಮಾನ. ವಾಪಸು ಬರುವಾಗ ಟೆಂಪೋದಲ್ಲಿ ಮಾಸ್ಟರು ಮುಂದೆ ಕೂತು, ಸೋಮವಾರ ಆ ಮಷೀನನ್ನು ಗೋಡೆಯ ಬಳಿ ಕಾಯುವವರಲ್ಲಿ ಯಾರಿಗೆ ಕೊಡಬೇಕೆಂದು ಡ್ರೈವರನ ಜೊತೆ ಸಮಾಲೋಚಿಸಿದರು. ಎಲ್ಲರಿಗೂ ಕೇಳಿಸುವ ಹಾಗೆ.

ಸೋಮವಾರ ನಾನು ಶಾಲೆಗೆ ತಡವಾಗಿ ಹೋದೆ. ಬೆಲ್ಲಿನ ಹೊತ್ತಿಗೆ ಯೂನಿಟ್ಟಿನ ಬಾಗಿಲಲ್ಲಿದ್ದೆ. ಬೆಲ್ಲಾಯಿತು. ತಿಪ್ಪೇಸ್ವಾಮಿ ನೆಲದ ಮೇಲೆ, ಕಾಲು ನೀಡಿ ದಾರ ಕತ್ತರಿಸುತ್ತಿದ್ದ. ಅವನ ಮಷೀನಿನ ಮೇಲೆ ಲಕ್ಷ್ಮಿ ಕೂತಿದ್ದಳು. ಊಟದ ಬಿಡುವಿನಲ್ಲಿ ಗಂಡನ ಪಕ್ಕ ನಿಂತು ಹೆಲ್ಪರ್‌ಗಳು ಹೊಲಿಗೆ ಕಲಿಯುವುದು ಯೂನಿಟ್ಟುಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಮಾಸ್ಟರೊಬ್ಬರನ್ನು ಬಿಟ್ಟು.

"ಯಾರು ಹೇಳಿದ್ರು ನಿನಗ ಕುಂದ್ರಾಕ?"

"ಬೆಲ್ಲಾದಾಗ ಮಷೀನ್ ಖಾಲಿ ಇರಬಾರದಂತ ನೀವ ಹೇಳೀರಲ್ರಿ. ಖಾಲಿ ಐತೇನು ನೋಡ್ರಿ."

ಮಾಸ್ಟರು ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡಿದರು. ಹೊಲಿಗೆ ನೆಟ್ಟಗಿತ್ತು. ತಮ್ಮ ಕಾನೂನನ್ನು ತಾವೇ ಮುರಿಯುವ ಸ್ವಭಾವ ಅವರದಲ್ಲ. ಅದಕ್ಕಿಂತ ಉತ್ತಮವಾದದ್ದು ಅವರಿಗೆ ಹೊಳೆಯಿತು. ಹೆಲ್ಪರ್ ಹೆಲ್ಪರೇ, ಎಲ್ಲಿ ಕೂತರೇನು ಎಂದು ಲಕ್ಷ್ಮಿಗೆ ಹೆಲ್ಪರ್ ಕೂಲಿಯನ್ನೇ ಇಟ್ಟರು. ತಿಪ್ಪೇಸ್ವಾಮಿಗೆ ನೆಲದ ಮೇಲಿನ ಕೂಲಿ. ಇಬ್ಬರೂ ಸೇರಿ ಮೊದಲಿಗಿಂತ ಅಗ್ಗವಾದರು. ಆ ವಾರವೆಲ್ಲ ಕಂಡವರಿಗೆಲ್ಲ, "ಒಂದು ಕುಟುಂಬ ಉಳಿಸಿದೆ" ಎಂದು ಹೇಳಿಕೊಂಡು ತಿರುಗಿದರು. ನನಗೂ ಹೇಳಿದರು. ನಾನು ಟೈಮ್ ನೋಡಿದೆ.

ಕಾಲು ಕೂಡಿಕೊಂಡಿತು. ಹಬ್ಬ ಕಳೆದ ಮೇಲೆ ಬಳ್ಳಾರಿಯ ಯೂನಿಟ್ಟೊಂದು ಇಬ್ಬರಿಗೂ ಟೈಲರ್ ಕೆಲಸ ಕೊಡುತ್ತೇನೆಂದಿತು. ತಿಪ್ಪೇಸ್ವಾಮಿ ಟ್ರಂಕು ಹೆಗಲ ಮೇಲಿಟ್ಟು ಎರಡೂ ಕಾಲಿನಲ್ಲಿ ಬೆಳಗಿನ ಬಸ್ಸಿಗೆ ನಡೆದ. ಪಕ್ಕದಲ್ಲಿ ಲಕ್ಷ್ಮಿ; ಅವರನ್ನು ಕಳಿಸಲು ನಾನೂ ಜೊತೆಗಿದ್ದೆ. ಯೂನಿಟ್ಟಿನ ಮುಂದೆ ಹಾಯುವಾಗ ಬೆಲ್ಲಾಗುತ್ತಿತ್ತು. ಮಾಸ್ಟರು ಗೇಟಿಗೆ ಬಂದರು. ನಿಜಕ್ಕೂ ನೊಂದಿದ್ದರು.

"ಯಾಕ ಹೊಂಟ್ರಿ? ಏನ್ ಕಡಿಮಿ ಮಾಡೀನಿ ನಿಮಗ? ಬೆಲ್ಲಾತು, ಮಷೀನ್ ಖಾಲಿ ಐತಿ ಅಲ್ಲೆ!"

ಲಕ್ಷ್ಮಿ ನಿಲ್ಲಲಿಲ್ಲ. ಹೋಗುತ್ತ ಹೋಗುತ್ತಲೇ ಹೇಳಿದಳು: "ಖಾಲಿ ಯಾಕ ಬಿಡತೀರಿ? ನೀವ ಕುಂದರ್ರಿ."

ಮಾಸ್ಟರು ಕೂರಲಿಲ್ಲ. ಜೀವಮಾನದಲ್ಲಿ ಒಮ್ಮೆ ಅಲ್ಲಿ ಕೂತು ಮೇಜಿನ ಕೆಳಗೆ ಬಗ್ಗಿ ನೋಡಿದ್ದರೂ ನನಗೆ ಇಷ್ಟು ಬರೆಯುವ ತೊಂದರೆ ಬರುತ್ತಿರಲಿಲ್ಲ.